ಅಜ್ಜೀಪುರದ ದೋಣಿಯ ಐದನೇ ಬೋಲ್ಟ್

ಫೋನಿನಲ್ಲಿ ಅವರು ‘ಕೀಲ್ ಬೋಲ್ಟ್’ ಅಂದರು. ನನ್ನ ಕಿವಿಗೆ ಅದು ‘ಕೀಲು ಬೋಲ್ಟ್’ ಅಂತಲೇ ಬಿತ್ತು. ಕೊಳ್ಳೇಗಾಲದಲ್ಲಿ ಲೇತ್ ಅಂಗಡಿ ಇಟ್ಟುಕೊಂಡವರ ಕಿವಿಗೆ ಬೇರೆ ಹೇಗೆ ಬೀಳುತ್ತದೆ ಹೇಳಿ! ಗೇಟಿನ ಕೀಲು, ಗಾಡಿಯ ಕೀಲು, ಟಿಪ್ಪರ್ ಬಾಗಿಲಿನ ಕೀಲು ಅಂತ ದಿನಕ್ಕೊಂದಾದರೂ ನನ್ನ ಹತ್ತಿರ ಬರುತ್ತದೆ. “ದೋಣೀದು ಮೇಡಂ, ಎಂಟು ಇದೆ. ಚೆಕ್ ಮಾಡಿ ಟೈಟ್ ಮಾಡ್ಬೇಕು. ಶುಕ್ರವಾರ ಟ್ರೈಲರ್ ಬರುತ್ತೆ” ಅಂದರು. ದೋಣಿಗೂ ಬಾಗಿಲಿರಬಹುದು, ಬಾಗಿಲಿಗೆ ಕೀಲಿರಬಹುದು ಅಂದುಕೊಂಡೆ. ಅಜ್ಜೀಪುರದಲ್ಲಿ ದೋಣಿ ಯಾಕಿದೆ ಅಂತ ಕೇಳುವಷ್ಟು ಬುದ್ಧಿಯೂ ಓಡಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಪೈಕಿ ನಾನು. ಗ್ರೀಸ್ ಗನ್ನು, ಹನ್ನೆರಡು ಹದಿನಾಲ್ಕರ ಸ್ಪಾನರು, ಕೀಲಿಗೆ ಬೇಕಾದೀತು ಅಂತ ನಾಲ್ಕು ಹೊಸ ಪಿನ್ನು ಚೀಲಕ್ಕೆ ತುಂಬಿಕೊಂಡು ಸೋಮವಾರ ಬೆಳಿಗ್ಗೆಯೇ ಸ್ಕೂಟರ್ ಹತ್ತಿದೆ.

ಹನೂರು ದಾಟಿ, ಬೆಟ್ಟದ ರಸ್ತೆ ಹಿಡಿದು ಅಜ್ಜೀಪುರದ ಆ ಜಮೀನಿಗೆ ಹೋಗಿ ನೋಡಿದರೆ, ಮುಸುಕಿನ ಜೋಳದ ಹೊಲದ ಪಕ್ಕ ಒಂದು ತಗಡಿನ ಶೆಡ್ಡು. ಅದರೊಳಗೆ ಇಪ್ಪತ್ತೆರಡು ಅಡಿ ಉದ್ದದ ಹಾಯಿದೋಣಿ! ಅದೂ ಮಲಗಿಲ್ಲ, ಒಂಟಿ ಕಾಲಿನ ಮೇಲೆ ನಿಂತಿದೆ. ದೋಣಿಯ ಹೊಟ್ಟೆಯ ಕೆಳಗೆ, ಮೀನಿನ ರೆಕ್ಕೆಯ ಹಾಗೆ, ಬೀಡು ಕಬ್ಬಿಣದ ದಪ್ಪ ಹಲಗೆಯೊಂದು ಇಳಿದಿತ್ತು. ಏಳುನೂರು ಕೆಜಿಯಂತೆ. ಆ ಹಲಗೆ ಮರದ ದಿಮ್ಮಿಗಳ ಮೇಲೆ ಊರಿಕೊಂಡಿತ್ತು. ದೋಣಿ ಅತ್ತಿತ್ತ ವಾಲದ ಹಾಗೆ ಎರಡೂ ಕಡೆ ಊರುಗೋಲು ಕೊಟ್ಟಿದ್ದರು.

“ಇದೇ ಮೇಡಂ, ಕೀಲ್” ಅಂದರು ಯಜಮಾನರು, ಕಬ್ಬಿಣದ ಹಲಗೆಯನ್ನು ತಟ್ಟುತ್ತಾ.

ನಾನು ಚೀಲದಿಂದ ಗ್ರೀಸ್ ಗನ್ನು ಅರ್ಧ ತೆಗೆದಿದ್ದವಳು ಹಾಗೇ ಒಳಗೆ ತುರುಕಿದೆ. ಅವರು ನೋಡಿಯೇಬಿಟ್ಟರು. “ಗ್ರೀಸ್ ಯಾಕೆ?” ಅಂದರು. ಇಂಥ ಹೊತ್ತಿನಲ್ಲಿ ನಾನು ಸುಳ್ಳು ಹೇಳುವುದಿಲ್ಲ, ಹೇಳಿದರೂ ಸಿಕ್ಕಿಬೀಳುತ್ತೇನೆ. “ಬಾಗಿಲ ಕೀಲು ಅನ್ಕಂಡು ಬಂದ್ಬುಟ್ಟೆ ಸಾ” ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು, ನನ್ನ ಮೇಲೆಯೇ.

ಯಜಮಾನರು ಹಡಗಿನಲ್ಲಿ ದುಡಿದು ಬಂದವರು. ಕ್ಯಾಪ್ಟನ್ನೂ ಅಲ್ಲ, ಇಂಜಿನಿಯರೂ ಅಲ್ಲ, ಅಡುಗೆಯವರು. ಮೂವತ್ತು ವರ್ಷ ಕಡಲ ಮೇಲೆ ಬೇರೆಯವರಿಗೆ ಬಡಿಸಿ, ನಿವೃತ್ತಿಯಾಗಿ ಊರಿಗೆ ಬಂದು, ಯಾರೋ ಮಾರಿದ ಹಳೇ ದೋಣಿ ಕೊಂಡು ತಂದು, ಎರಡು ವರ್ಷದಿಂದ ತಿಕ್ಕಿ ತೀಡಿ ಬಣ್ಣ ಬಳಿಯುತ್ತಿದ್ದರು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಭಕ್ತರು ಶೆಡ್ಡಿಗೆ ಇಣುಕಿ, ಕೈ ಮುಗಿದು ಹೋಗುತ್ತಿದ್ದರಂತೆ. ಯಾರೋ ಆ ಕೀಲಿಗೆ ಮೂರು ಬೆರಳಲ್ಲಿ ವಿಭೂತಿಯನ್ನೂ ಎಳೆದಿದ್ದರು. ಶುಕ್ರವಾರ ಮೈಸೂರಿಗೆ ಸಾಮಾನು ಇಳಿಸಲು ಬರುವ ಟ್ರೈಲರ್ ಒಂದು ಖಾಲಿಯಾಗಿ ಕರಾವಳಿಗೆ ವಾಪಸ್ಸಾಗುತ್ತದೆ, ಅದರ ಮೇಲೆ ದೋಣಿ ಹೋಗಬೇಕು. ಅದು ತಪ್ಪಿದರೆ ಮಳೆಗಾಲ, ಆಮೇಲೆ ನಾಲ್ಕು ತಿಂಗಳು ಕಡಲಿಗಿಳಿಯುವ ಮಾತಿಲ್ಲ.

“ನಾನು, ನಮ್ಮ ಮನೆಯವರು, ಇಬ್ರೇ ಹೋಗೋದು” ಅಂದರು.

ಮನೆಯವರು ಅಲ್ಲೇ ಮಜ್ಜಿಗೆ ಹಿಡಿದು ನಿಂತಿದ್ದರು. ಹೊನ್ನೂರಿನ ಹೆಣ್ಣುಮಗಳು. ಗದ್ದೆಗೆ ಬಿಡುವ ಕಾಲುವೆ ನೀರು ಬಿಟ್ಟರೆ ಬೇರೆ ನೀರು ಕಂಡವರಲ್ಲ. “ಅವ್ರು ಮೂವತ್ತೊರ್ಸ ನೀರ್ ಮ್ಯಾಲೆ, ನಾನು ದಡದ್ ಮ್ಯಾಲೆ. ಅಂತಾದ್ದೇನದ ಅಲ್ಲಿ, ಒಂದ್ಸಲ ನೋಡೇಬುಡವ ಅಂತ ಊಂ ಅಂದಿವ್ನಿ ಕಣವ್ವ” ಅಂದರು ನನಗೆ. ಗಂಡನ ಮುಖ ಆಗ ನೋಡಬೇಕಿತ್ತು, ಮದುವೆ ಗಂಡಿನ ಕಳೆ!

ಕೆಲಸಕ್ಕೆ ಇಳಿದೆ. ದೋಣಿಯೊಳಗೆ ಹತ್ತಿ, ನೆಲದ ಹಲಗೆಗಳನ್ನು ಎತ್ತಿದರೆ ತಳದಲ್ಲಿ ನಾಲ್ಕು ಜೋಡಿ ನಟ್ಟುಗಳು, ಒಂದೊಂದೂ ಸುಟ್ಟ ಬೆಲ್ಲದ ಉಂಡೆಯ ಹಾಗೆ ತುಕ್ಕು ಕಟ್ಟಿಕೊಂಡಿದ್ದವು. ಬೋಲ್ಟುಗಳ ಕೆಳತುದಿ ಕಬ್ಬಿಣದ ಕೀಲಿನೊಳಗೆ ಮರೆಯಲ್ಲಿ, ಅಂದರೆ ತಿರುಪಿನ ಸುತ್ತಿನಲ್ಲಿ, ಕೂತಿದೆ, ಮೇಲ್ತುದಿ ದೋಣಿಯ ತಳ ತೂರಿ ಒಳಕ್ಕೆ ಬಂದಿದೆ, ಅದಕ್ಕೆ ನಟ್ಟು. ಅಂದರೆ ಆ ಏಳುನೂರು ಕೆಜಿ ದೋಣಿಗೆ ತೂಗಿಬಿದ್ದಿರುವುದು ಈ ಎಂಟರ ಮೇಲೆ. “ಇದು ಕಳಚಿದ್ರೆ?” ಅಂದೆ. “ದೋಣಿ ಮಗುಚುತ್ತೆ. ಒಂದೇ ನಿಮಿಷ” ಅಂದರು ಯಜಮಾನರು, ಈ ಸಲ ನಗದೆ.

ತಂತಿ ಬ್ರಷ್ಷಿನಿಂದ ತಿಕ್ಕಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದರಿಂದ ಎಂಟರವರೆಗೆ ಪೇಂಟಿನಲ್ಲಿ ನಂಬರ್ ಬರೆದೆ. ಬೇಕಾದದ್ದು ಮೂವತ್ತರ ಸ್ಪಾನರು. ನನ್ನ ಹತ್ತಿರ ಇದ್ದ ಹದಿನಾಲ್ಕರದು ಹಲ್ಲುಕಡ್ಡಿಗೂ ಸಾಲದು. ನಮ್ಮ ಅಂಗಡಿ ಪಕ್ಕದಲ್ಲಿ ಲಾರಿ ಸ್ಪ್ರಿಂಗ್ ಪ್ಲೇಟ್ ಕಟ್ಟುವ ಮೇಸ್ತ್ರಿಗೆ ಫೋನ್ ಹಚ್ಚಿದೆ.

ಮಂಗಳವಾರ ಬೆಳಗಿನ ಬಸ್ಸಿಗೇ ಮೇಸ್ತ್ರಿ ಬಂದಿಳಿದ, ಸಾಕೆಟ್ ಪೆಟ್ಟಿಗೆ ಒಂದು ಕೈಯಲ್ಲಿ, ನಾಲ್ಕಡಿ ಪೈಪು ಇನ್ನೊಂದರಲ್ಲಿ. ದೋಣಿ ನೋಡಿ ಬಾಯಿ ಬಿಟ್ಟ. “ಲೇತಕ್ಕೋ! ಇದ್ಯಾವ್ ಲಾರಿ ಕಣಕ್ಕ?” ಯಜಮಾನರು ತಮ್ಮ ಹಡಗಿನ ಇಂಜಿನಿಯರ್ ಸ್ನೇಹಿತ ಕೊಟ್ಟಿದ್ದ ಟಾರ್ಕ್ ವ್ರೆಂಚ್ ತಂದರು. ಇಷ್ಟು ಬಿಗಿ ಅಂತ ಮೊದಲೇ ತಿರುಗಿಸಿ ಇಟ್ಟರೆ, ಅಷ್ಟಕ್ಕೆ ‘ಟಿಕ್’ ಅನ್ನುತ್ತದೆ. ಮೇಸ್ತ್ರಿಗೆ ಅದನ್ನು ಕಂಡರೆ ತಾತ್ಸಾರ. “ಕಿರ್ ಅಂದ್ಮ್ಯಾಲೆ ಇನ್ನರ್ಧ ಸುತ್ತು, ಅದೇ ನಮ್ ಲೆಕ್ಕ. ನನ್ ತೋಳ್ಗಿಂತ ಇನ್ನೊಂದ್ ಟಾರ್ಕ್ ಬೇಕಾ ಸಾ?” ಅಂದ.

“ಇದು ಲಾರಿ ಅಲ್ಲ, ಸುಮ್ನೆ ಹೇಳ್ದಂಗ್ ಮಾಡು” ಅಂತ ನಾನು ಗದರಿದೆ.

ದೋಣಿಯ ಹಳೇ ಪುಸ್ತಕದಲ್ಲಿ ಎಷ್ಟು ಬಿಗಿಯಬೇಕು ಅಂತಿತ್ತು. ಮಧ್ಯದಿಂದ ಶುರು ಮಾಡಿ, ಎಡಕ್ಕೊಂದು ಬಲಕ್ಕೊಂದು ಅಡ್ಡಡ್ಡ ಬಿಗಿಯುತ್ತಾ ತುದಿಗಳ ಕಡೆಗೆ ಹೋಗಬೇಕು. ಮೊದಲ ಸುತ್ತು ಅರ್ಧ ಬಿಗಿ, ಎರಡನೇ ಸುತ್ತು ಮುಕ್ಕಾಲು, ಮೂರನೆಯದು ಪೂರ್ತಿ. ಮೂರೂ ಸುತ್ತು ಮುಗಿದ ಮೇಲೆ ಪ್ರತಿ ನಟ್ಟಿನಿಂದ ಕೆಳಗಿನ ವಾಷರಿನವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದೆ, ನಟ್ಟು ಕದಲಿದರೆ ಗೆರೆ ಮುರಿಯುತ್ತದೆ ಅಂತ. ಅಷ್ಟೇ ಬಿಗಿಗೆ ಇನ್ನೊಮ್ಮೆ ವ್ರೆಂಚ್ ಹಾಕಿದೆವು. ಗೆರೆ ಕದಲದೆ ನಾಲ್ಕನೆಯದು ‘ಟಿಕ್’. ಆರು ‘ಟಿಕ್’. ಮೂರು, ಏಳು, ಎರಡು, ಎಂಟು, ಒಂದು ಎಲ್ಲಾ ಟಿಕ್ ಟಿಕ್! ಅಬ್ಬಾ, ಆ ಸದ್ದು ಕೇಳುವುದೇ ಒಂದು ಸುಖ. ಯಜಮಾನರು ಪ್ರತಿ ಟಿಕ್ಕಿಗೂ ಚಿಟಿಕೆ ಹೊಡೆಯುತ್ತಿದ್ದರು.

ಐದನೆಯದೂ ಟಿಕ್ ಅಂದಿತು. ಆದರೆ ಗೆರೆ ಉಗುರಿನಷ್ಟು ಸರಿದಿತ್ತು. ಇನ್ನೊಮ್ಮೆ ಹಾಕಿದೆವು. ಮತ್ತೆ ಟಿಕ್, ಮತ್ತೆ ಉಗುರಿನಷ್ಟು ಸರಿಯಿತು.

“ಬೆಣ್ಣೆ ಬತ್ತದಲ್ಲ ಅಂಗ್ ಬತ್ತಾ ಅದ ನೋಡಕ್ಕ! ಪೈಪ್ ಆಕಿ ಇನ್ನರ್ಧ ಸುತ್ತು ಕೊಟ್ಬುಡ್ಲಾ?” ಅಂದ ಮೇಸ್ತ್ರಿ, ಖುಷಿಯಲ್ಲಿ.

“ಬುಡು ಕೈಯ!” ಅಂತ ಕಿರುಚಿದೆ. ಪಾಪ, ಬೆಚ್ಚಿ ಪೈಪನ್ನೇ ಬೀಳಿಸಿದ.

ಬಿಗಿಯಾದ ನಟ್ಟು ಬೆಣ್ಣೆಯ ಹಾಗೆ ಬರಬಾರದು. ಬರುತ್ತಿದೆ ಅಂದರೆ ಮರೆ ಸಾಯುತ್ತಿರಬೇಕು, ಇಲ್ಲ ಒಳಗೆ ಬೋಲ್ಟೇ ಸಣ್ಣಗಾಗಿ ಎಳೆದುಕೊಳ್ಳುತ್ತಿರಬೇಕು. ಸುತ್ತಿಗೆಯಿಂದ ಒಂದೊಂದರ ತಲೆಗೂ ತಟ್ಟಿದೆ. ಬೇರೆಯವು ‘ಟಣ್’ ಅಂದವು, ಐದು ‘ಟಪ್’ ಅಂದಿತು. ಮೂರೂ ಆರೂ ಅಷ್ಟು ಚೆನ್ನಾಗಿ ಟಣ್ ಅನ್ನಲಿಲ್ಲ ಅಂತ ಅನ್ನಿಸಿತು. ಕೆಳಗಿಳಿದು, ಕೀಲೂ ದೋಣಿಯೂ ಸೇರುವ ಕಡೆ ಬ್ಯಾಟರಿ ಬಿಟ್ಟು ನೋಡಿದೆ. ಹೊಸ ಬಣ್ಣದ ಅಡಿಯಿಂದ ಕೂದಲೆಳೆಯಷ್ಟು ಕಂದು ಗೆರೆ ಹಣಿಕಿ ಹಾಕುತ್ತಿತ್ತು.

ಯಜಮಾನರಿಗೆ ಹೇಳಿದೆ. ಅವರ ಮುಖ ಬಾಡಿತು. “ಎಂಟರಲ್ಲಿ ಒಂದು ತಾನೇ? ಏಳು ಟಿಕ್ ಅಂದಿದಾವಲ್ಲ. ಶುಕ್ರವಾರ ತಪ್ಪಿದ್ರೆ ಮಳೆಗಾಲ ಕಳೀಬೇಕು ಮೇಡಂ. ಅಷ್ಟರಲ್ಲಿ ಇವಳ ಮನಸ್ಸು ಬದಲಾದ್ರೆ? ಇವಳು ಹ್ಞೂ ಅನ್ನೋಕೆ ಎಷ್ಟು ವರ್ಷ ಕಾದಿದೀನಿ ಗೊತ್ತಾ?” ಅಂದರು.

ಸತ್ಯ ಹೇಳುತ್ತೇನೆ, ಒಂದು ಗಳಿಗೆ ನನ್ನ ಮನಸ್ಸೂ ಜಾರಿತು. ಏಳು ಗಟ್ಟಿಯಾಗಿವೆ, ವ್ರೆಂಚೇ ಸಾಕ್ಷಿ ಹೇಳುತ್ತಿದೆ, ಕಡಲು ಕಂಡವರು ಅವರು, ನಾನು ಕಂಡಿರುವುದು ಕಾವೇರಿ ಸೇತುವೆ ಮಾತ್ರ. ಸರಿ ಬಿಡಿ ಅಂತ ಹೇಳಿಬಿಡೋಣ ಅಂತ ಬಾಯಿ ತೆರೆಯುವಷ್ಟರಲ್ಲಿ, ಯಜಮಾನರ ಮನೆಯವರು, ಆ ಅಮ್ಮ, ಏಣಿಯ ಹತ್ತಿರ ಬಂದು ನಿಂತರು. ಎಲ್ಲಾ ಕೇಳಿಸಿಕೊಂಡಿದ್ದರು.

“ನನ್ಗೆ ನಟ್ಟು ಬೋಲ್ಟು ತಿಳಿಯಕಿಲ್ಲ ಕೂಸು. ಒಂದ್ ಮಾತ್ ಕೇಳ್ತೀನಿ. ನೀನಾಗಿದ್ರೆ ಇದ್ರೊಳಗ ಕೂತ್ಕತಿದ್ಯಾ?”

ಹ್ಞೂ ಅನ್ನಲು ಆಗಲಿಲ್ಲ ನನ್ನ ಕೈಲಿ. “ಇಲ್ಲ ಕಣವ್ವ” ಅಂದೆ. ಅಂದಮೇಲೆ ಇನ್ನೇನಿದೆ? “ಬಿಚ್ಬೇಕು ಸಾ. ಕೀಲು ಪೂರ್ತಿ ಇಳಿಸ್ಬೇಕು. ಎಂಟನ್ನೂ ಕಣ್ಣಲ್ಲಿ ನೋಡ್ದೆ ನಾನು ಕೈ ತೊಳ್ಕಳಲ್ಲ.”

ಯಜಮಾನರು ಕೈಲಿದ್ದ ಬಟ್ಟೆ ನೆಲಕ್ಕೆ ಬಿಸಾಡಿದರು. “ಬಾಗಿಲ ಕೀಲು ಅಂದ್ಕೊಂಡು ಬಂದವರು ನೀವು, ನನಗೆ ದೋಣಿ ಪಾಠ ಹೇಳ್ತೀರಾ?” ಅಂದೇಬಿಟ್ಟರು. ನನಗೂ ಮೂಗಿನ ತುದೀಲೇ ಕೋಪ. “ಹೌದು ಸಾ, ಬಾಗ್ಲು ಅನ್ಕಂಡೇ ಬಂದೆ. ಅದ್ಕೇ ಹೇಳ್ತಾ ಇವ್ನಿ, ತಿಳ್ದಿದ್ದೋರಾದ್ರೆ ಸರಿ ಅದ ಅಂತ ಓಗ್ಬುಡ್ತಿದ್ರು!” ಅಂದೆ. ಅವರು ಹೋಗಿ ಜೋಳದ ಹೊಲದ ಬದುವಿನ ಮೇಲೆ ಕೂತರು. ಆಮೇಲೆ ಅವರೇ ಎದ್ದು, ಕರಿಕಲ್ಲು ಕ್ವಾರಿಯ ಕ್ರೇನಿಗೆ ಫೋನ್ ಮಾಡಿದರು.

ಬುಧವಾರ ಕ್ರೇನ್ ಬಂತು, ಶೆಡ್ಡಿನ ಮೇಲಿನ ತಗಡು ಬಿಚ್ಚಿಸಿದೆವು. ಡ್ರೈವರ್ ಗಡಿಯಾಚೆಯ ಹಳ್ಳಿಯವನು, ಅರ್ಧ ತಮಿಳು ಅರ್ಧ ಕನ್ನಡ. ದೋಣಿಯ ಹೊಟ್ಟೆಗೆ ಎರಡು ಬೆಲ್ಟ್ ಹಾಕಿ, ಭಾರ ಕ್ರೇನಿಗೆ ಬರುವಷ್ಟು ಮಾತ್ರ ಎತ್ತಿದ. ಎಂಟೂ ನಟ್ಟು ಬಿಚ್ಚಿದೆವು. ಈಗ ದೋಣಿಯನ್ನು ಎತ್ತಿದರೆ ಕೀಲು ದಿಮ್ಮಿಯ ಮೇಲೇ ಉಳಿಯಬೇಕು. ಎತ್ತಿದ. ಶಿವ ಶಿವಾ! ಕೀಲೂ ಜೊತೆಗೇ ಎದ್ದಿತು. ನಟ್ಟೇ ಇಲ್ಲದೆ, ಕೀಲಿಗೂ ದೋಣಿಗೂ ನಡುವೆ ಬಳಿದಿದ್ದ ಹಳೇ ಗೋಂದಿನ ಹಿಡಿತದಲ್ಲಿ ಏಳುನೂರು ಕೆಜಿ ಗಾಳಿಯಲ್ಲಿ ತೂಗುತ್ತಿದೆ! “ಇಳ್ಸು, ಇಳ್ಸು!” ಅಂತ ಎಲ್ಲರೂ ಒಟ್ಟಿಗೇ ಕೂಗಿದೆವು. ಹೂವಿನ ಹಾಗೆ ಇಳಿಸಿದ ಪುಣ್ಯಾತ್ಮ.

ಮೇಸ್ತ್ರಿ ದೊಡ್ಡ ಸುತ್ತಿಗೆ ಎತ್ತಿಕೊಂಡ. ಕ್ರೇನ್ ಡ್ರೈವರ್ ತಡೆದ. “ಇರುಂಗಣ್ಣ, ಅವಸರ ಬ್ಯಾಡ. ಕಲ್ಲು ಸೀಳಾದ್ ಎಂಗೆ? ಅಂಗೇ ಇದುವುಂ” ಅಂದ. ಕ್ವಾರಿಯಲ್ಲಿ ಬಂಡೆ ಸೀಳುವಾಗ ಸಾಲಾಗಿ ಬೆಣೆ ಇಟ್ಟು, ಒಂದೊಂದಕ್ಕೂ ಒಂದೇ ಏಟು ಕೊಡುತ್ತಾ ಹೋಗಿ, ನಿಂತು ಕಿವಿಗೊಡುತ್ತಾರೆ. ಕಲ್ಲಿಗೂ ಹೊತ್ತು ಕೊಡಬೇಕು. ಜಾಲಿ ಮರದ ಬೆಣೆ ಹನ್ನೆರಡು ಕೆತ್ತಿದೆವು. ಕೀಲೂ ದೋಣಿಯೂ ಸೇರುವ ಸಂದಿಗೆ ಸುತ್ತ ಇಟ್ಟು, ಒಂದು ಏಟು, ಮುಂದಿನದಕ್ಕೆ ಒಂದು ಏಟು, ಹೀಗೆ ಸುತ್ತು ಬಂದು ಕಾಯುವುದು. ನಾಲ್ಕನೇ ಸುತ್ತಿಗೆ ಒಳಗಿಂದ ‘ಚರ್ರ್’ ಅಂತ ಸದ್ದು ಬಂತು. ಐದನೇ ಸುತ್ತಿಗೆ ಪೂರ್ತಿ ಬಿಟ್ಟಿತು! ಮೇಸ್ತ್ರಿ ಶಿಳ್ಳೆ ಹಾಕಿದ, ನಾನು ಡ್ರೈವರಿನ ಕೈ ಹಿಡಿದು ಕುಲುಕಿದೆ.

ದೋಣಿ ಮೇಲಕ್ಕೆದ್ದಿತು. ಕೀಲಿನ ಮೇಲೆ ಬೋಲ್ಟುಗಳು ಸಾಲಾಗಿ ನಿಂತಿದ್ದವು, ಏಳೇ. ಐದನೆಯದು ನಡುವಿನಲ್ಲೇ ತುಂಡಾಗಿ ದೋಣಿಯ ಜೊತೆ ಮೇಲೆ ಹೋಗಿತ್ತು. ತುಂಡಾದ ಜಾಗದಲ್ಲಿ ಅದು ಪೆನ್ಸಿಲಿಗಿಂತ ಸಣ್ಣ. ಮೂರು, ಆರು ಸೊಂಟದಲ್ಲಿ ಅರ್ಧಕ್ಕರ್ಧ ಸವೆದಿದ್ದವು. ಮೇಲೆ ಕೆಳಗೆ ದಪ್ಪ, ಸಂದಿಗೆ ನೀರು ಹೊಕ್ಕ ಕಡೆ ಮಾತ್ರ ಸವಕಲು. ಆ ಮೂರೂ ಆರೂ ಹಿಂದಿನ ದಿನ ಗಂಟೆ ಹೊಡೆದ ಹಾಗೆ ಟಿಕ್ ಅಂದಿದ್ದವು! ನಟ್ಟು ಬಿಗಿಯಾಗಿರುವುದೇ ಬೇರೆ, ಬೋಲ್ಟು ಬದುಕಿರುವುದೇ ಬೇರೆ ಅಂತ ನನಗೆ ಅವತ್ತು ಗೊತ್ತಾಯಿತು. ಯಜಮಾನರು ಐದನೆಯದರ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ದಿಮ್ಮಿಯ ಮೇಲೆ ಕುಸಿದು ಕೂತರು. “ಇವಳನ್ನ ಕೂರಿಸ್ಕೊಂಡು ಹೊರಟಿದ್ನಲ್ಲಾ ನಾನು” ಅಂದರು. ಕಣ್ಣೀರು ಬಂದೇಬಿಟ್ಟಿತು ಅವರಿಗೆ. ಅಮ್ಮ ಹೋಗಿ ಪಕ್ಕದಲ್ಲಿ ಕೂತರು.

ಇನ್ನು ಓಟವೋ ಓಟ! ಕೈಯಲ್ಲಿ ಎರಡೇ ದಿನ. ಹಳೇ ಬೋಲ್ಟುಗಳನ್ನು ಕೀಲಿನಿಂದ ಬಿಚ್ಚುವುದು ಮೇಸ್ತ್ರಿಯ ಪಾಲು. ಗ್ಯಾಸಿನಲ್ಲಿ ಕಾಯಿಸಿ, ಪೈಪ್ ವ್ರೆಂಚ್ ಹಾಕಿ ಐದು ತೆಗೆದ. ಉಳಿದ ಮೂರು ಮೂಲವ್ಯಾಧಿಯ ಹಾಗೆ ಕಾಡಿದವು, ಅವನ್ನು ಡ್ರಿಲ್ ಮಾಡಿಯೇ ತೆಗೆಯಬೇಕಾಯಿತು. ಪೈಪಿನ ಅಹಂಕಾರವೆಲ್ಲ ಇಳಿದು, ಎಳೆಗೂಸಿನ ಕಿವಿ ಶುಚಿ ಮಾಡುವ ಹಾಗೆ ಮೆಲ್ಲಗೆ ಮರೆ ಶುಚಿ ಮಾಡುತ್ತಿದ್ದ ಅವನನ್ನು ನೋಡುವುದೇ ಚೆಂದ. ನಾನು ಕೊಳ್ಳೇಗಾಲಕ್ಕೆ ಓಡಿದೆ. ಉಪ್ಪುನೀರಿಗೆ ತಡೆಯುವ ಸ್ಟೇನ್‌ಲೆಸ್ ರಾಡು ಮೈಸೂರಿನಿಂದ ಗುರುವಾರ ಬೆಳಗಿನ ಬಸ್ಸಿಗೆ ಬಂತು. ಆ ಕಬ್ಬಿಣ ಮಹಾ ಮೊಂಡು, ಅವಸರ ಮಾಡಿದರೆ ಟೂಲಿಗೆ ಅಂಟಿಕೊಂಡು ಮರೆಯನ್ನೇ ಹರಿಯುತ್ತದೆ. ಲೇತಿನಲ್ಲಿ ಸಣ್ಣ ಸಣ್ಣ ಕಟಿಂಗು, ಎಣ್ಣೆ, ಮತ್ತೆ ಸಣ್ಣ ಕಟಿಂಗು. ಆರನೆಯದರ ನಡುವೆ ಕರೆಂಟು ಹೋಯಿತು. ಬಾಯಿಗೆ ಬಂದದ್ದೆಲ್ಲ ಬೈದೆ, ಪಕ್ಕದ ಟೀ ಅಂಗಡಿಯವನು ಬಾಗಿಲು ಎಳೆದುಕೊಂಡ. ಮೂರು ಗಂಟೆಗೆ ಕರೆಂಟು ಬಂತು, ಐದೂವರೆಗೆ ಎಂಟನೆಯದು ಲೇತಿನ ಚಕ್ಕಿನಿಂದ ಇಳಿಯಿತು. ಹೊಳೆಯುತ್ತಿದ್ದ ಎಂಟನ್ನೂ ಸಾಲಾಗಿ ಜೋಡಿಸಿ ನೋಡಿದಾಗ ಎಷ್ಟು ಹೆಮ್ಮೆಯಾಯಿತು ಅಂದರೆ, ಫೋಟೋ ತೆಗೆದು ಇದ್ದಬದ್ದವರಿಗೆಲ್ಲ ಕಳಿಸಿದೆ.

ಶುಕ್ರವಾರ ಬೆಳಿಗ್ಗೆ ಹೊಸ ಬೋಲ್ಟು ಕೂರಿಸಿ, ಕೀಲಿನ ತಲೆಗೆ ಕಪ್ಪು ಗೋಂದು ದೋಸೆ ಹಿಟ್ಟಿನ ಹಾಗೆ ಬಳಿದೆವು. ಕ್ರೇನ್ ಡ್ರೈವರ್ ದೋಣಿಯನ್ನು ಎಂಟೂ ಬೋಲ್ಟಿನ ಮೇಲೆ ಒಂದೇ ಸಲಕ್ಕೆ ಇಳಿಸಿದ. ಗೋಂದು ಸುತ್ತಲೂ ಹಿಂಡಿಕೊಂಡು ಹೊರಗೆ ಬಂತು, ಎಲ್ಲೂ ಖಾಲಿ ಇಲ್ಲ ಅಂತ ಅರ್ಥ. ಈಗ ಅರ್ಧ ಬಿಗಿ ಮಾತ್ರ. ಗೋಂದು ಕಚ್ಚಿಕೊಳ್ಳಲು ಒಂದು ವಾರ ಬೇಕು, ಪೂರ್ತಿ ಬಿಗಿ ಆಮೇಲೆ, ಕಡಲ ದಡದಲ್ಲಿ. ಟ್ರೈಲರ್ ಡ್ರೈವರ್ ಎರಡು ಗಂಟೆ ಕಾದು ಗೊಣಗಿದ. ಯಜಮಾನರು ಅವನಿಗೆ ಹಡಗಿನ ಕೈರುಚಿಯಲ್ಲಿ ಮೀನು ಸಾರು ಬಡಿಸಿದರು, ಎರಡನೇ ಸಲ ಅನ್ನ ಹಾಕಿಸಿಕೊಂಡ ಮೇಲೆ ಗೊಣಗು ನಿಂತಿತು. ದೋಣಿ ಹೊರಟಾಗ ಅಮ್ಮ ನನ್ನ ಕೈ ಹಿಡಿದುಕೊಂಡರು. “ಕಡೇ ಬಿಗಿ ಅಲ್ಲಿ ತಾನೇ? ನೀನೂ ಬರ್ಬೇಕು. ನೀನ್ ಕೂತ್ರೆ ನಾನ್ ಕೂತ್ಕತೀನಿ.”

ವಾರ ಕಳೆದು ಬಂದ ಭಾನುವಾರ ನಾನು ಹುಟ್ಟಿದಾಗಿನಿಂದ ಮೊದಲ ಸಲ ಕಡಲು ಕಂಡೆ. ಏನು ನೀರು ಮಾರಾಯರೇ, ಆ ಕಡೆ ದಡವೇ ಇಲ್ಲ! ಮೇಸ್ತ್ರಿಯೂ ಬಂದಿದ್ದ. ದಕ್ಕೆಯ, ಅಂದರೆ ದೋಣಿಕಟ್ಟೆಯ, ಮೇಲಿಟ್ಟ ದೋಣಿಯೊಳಗೆ ಕೂತು ಪೂರ್ತಿ ಬಿಗಿ ಕೊಟ್ಟೆವು. ಎಂಟೂ ಟಿಕ್ ಅಂದವು. ಗೆರೆ ಎಳೆದು ಇನ್ನೊಮ್ಮೆ ಹಾಕಿದೆವು, ಎಂಟರಲ್ಲಿ ಒಂದರ ಗೆರೆಯೂ ಕದಲಲಿಲ್ಲ. ಕ್ರೇನ್ ದೋಣಿಯನ್ನು ನೀರಿಗೆ ಇಳಿಸಿತು. ಮೇಸ್ತ್ರಿ ಮಾತ್ರ ದಡದಲ್ಲೇ ಉಳಿದ. “ನಾನಿಲ್ಲೇ ನಿಂತು ಚೆಕ್ ಮಾಡ್ತೀನಿ ಓಗ್ರಕ್ಕ” ಅಂದ, ಪುಕ್ಕಲ.

ನನಗೆ ಈಜು ಬರುವುದಿಲ್ಲ, ಅಮ್ಮನಿಗೂ ಇಲ್ಲ. ತೇಲುವ ಜಾಕೆಟ್ ತೊಟ್ಟು ಅಕ್ಕಪಕ್ಕ ಅಂಟಿಕೊಂಡು ಕೂತೆವು. ಹೊಳೆ ಕಡಲಿಗೆ ಸೇರುವ ಅಳಿವೆ ದಾಟಿದ ಮೇಲೆ ಯಜಮಾನರು ಹಾಯಿ ಬಿಚ್ಚಿದರು. ಗಾಳಿ ಹಿಡಿದದ್ದೇ ತಡ, ದೋಣಿ ಒಂದು ಮಗ್ಗುಲಿಗೆ ಹೇಗೆ ವಾಲಿತು ಅಂದರೆ, ನೀರು ಕೈಗೆ ಎಟಕುವ ಹಾಗಾಯಿತು. ಅಮ್ಮ ಕಣ್ಣು ಮುಚ್ಚಿ ಮಾದಪ್ಪನನ್ನು ಕೂಗಿದರು. ಯಜಮಾನರು “ಇದು ಹೀಗೇ ವಾಲೋದು, ಕೀಲು ಹಿಡ್ಕೊಂಡಿದೆ, ಹೆದರ್ಬೇಡಿ!” ಅಂತ ಕೂಗುತ್ತಿದ್ದರು. ಅವರ ಮಾತು ನನಗೆ ಸಾಲಲಿಲ್ಲ. ಅಮ್ಮನ ಕೈ ಬಿಡಿಸಿಕೊಂಡು, ತೆವಳಿಕೊಂಡು ಒಳಗಿಳಿದೆ. ನೆಲದ ಹಲಗೆ ಎತ್ತಿ, ಬ್ಯಾಟರಿ ಬಿಟ್ಟು, ಒಂದರಿಂದ ಎಂಟರವರೆಗೆ ಪ್ರತಿ ನಟ್ಟಿನ ಸುತ್ತಲೂ ಬೆರಳು ಆಡಿಸಿದೆ. ಐದನೆಯದರ ಸುತ್ತ ಎರಡು ಸಲ ಆಡಿಸಿದೆ. ಆಮೇಲೆ ದುಪಟ್ಟಾದ ತುದಿಯಿಂದ ಒರೆಸಿ ನೋಡಿದೆ.

“ಏನಾಯ್ತು ಕೂಸು? ನೀರ್ ಬಂದದಾ?” ಅಂತ ಮೇಲಿಂದ ಅಮ್ಮನ ಕೂಗು.

“ಇಲ್ಲ ಕಣವ್ವೋ! ಒಂದ್ ಹನೀನೂ ಇಲ್ಲ, ಒಣಗಿದ್ದದ್ದು ಒಣಗ್ದಂಗೇ ಅದ!” ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ.

ಮೇಲಿಂದ ಮತ್ತೆ ಅಮ್ಮನ ದನಿ ಕೇಳಿಸಿತು, ನನಗೆ ಹೇಳಿದ್ದಲ್ಲ, ಗಂಡನಿಗೆ.

“ಅಂಗಾರೆ ಇನ್ನೊಸಿ ದೂರ ಓಗವ ನಡೀರಿ.”